ಚೆರ್ರಿ ತೊಗಟೆಯ ಟೀ ಡಬ್ಬಿ: ಯಾವುದು ಯಾರಿಗೆ ಸರಿ?

ಜಪಾನಿಗೆ ಹೋದ ಗೆಳೆಯರು ಅಂಗಡಿಯಲ್ಲೇ ನಿಂತು ಫೋಟೊ ಕಳಿಸುತ್ತಾರೆ. ಕಡುಕಂದು ಬಣ್ಣದ, ಮೈಮೇಲೆ ಸಣ್ಣ ಸಣ್ಣ ಅಡ್ಡಗೆರೆ ಇರುವ ಟೀ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ನೋಡಲು ಎಲ್ಲಾ ಒಂದೇ ತಾಯಿ ಮಕ್ಕಳ ಹಾಗೆ. ಬೆಲೆ ಮಾತ್ರ ಒಂದಕ್ಕೆ 3,000 ಯೆನ್, ಪಕ್ಕದ್ದಕ್ಕೆ 15,000 ಯೆನ್. "ಯಾವುದು ತಗೊಳ್ಳಲಿ, ಬೇಗ ಹೇಳು" ಅಂತ ಕೆಳಗೊಂದು ಸಾಲು.

ನಾನು ಪ್ರತಿ ಸಲ ಕೇಳುವುದು ಒಂದೇ: ಮುಚ್ಚಳ ತೆಗೆದು ಒಳಗಿನ ಫೋಟೊ ಕಳಿಸು. ಈ ಡಬ್ಬಿಗಳ ವ್ಯತ್ಯಾಸ ಇರುವುದು ಒಳಗೆ. ಹೊರಗಿನ ಹೊಳಪಿಗೆ ಮರುಳಾಗಿ ಕೊಂಡವರಿಗಿಂತ ಒಳಗೆ ಇಣುಕಿ ನೋಡಿ ಕೊಂಡವರೇ ಹತ್ತು ವರ್ಷ ಆದಮೇಲೂ ಖುಷಿಯಾಗಿರುವುದನ್ನು ನೋಡಿದ್ದೇನೆ.

ಚೆರ್ರಿ ಮರದ ತೊಗಟೆಯಿಂದ ಡಬ್ಬಿ ಮಾಡುವ ಈ ಕೆಲಸದ ಹೆಸರು ಕಾಬಾಜೈಕು. ಜಪಾನಿನ ಉತ್ತರದ ಅಕಿತಾ ಪ್ರಾಂತ್ಯದ ಕಕುನೊದಾತೆ ಎಂಬ ಊರಿನದು. ಟೋಕಿಯೊದಿಂದ ಕೊಮಾಚಿ ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲು ಹತ್ತಿದರೆ ಸುಮಾರು ಮೂರು ಗಂಟೆಯ ದಾರಿ. ಹಳೆಯ ಸಮುರಾಯ್ ಮನೆಗಳ ಬೀದಿಗೆ ಹೆಸರಾದ ಊರು. 1781ರಿಂದ 1789ರವರೆಗಿನ ತೆನ್‌ಮೇ ಕಾಲದಲ್ಲಿ ಫುಜಿಮುರಾ ಹಿಕೊರೊಕು ಎಂಬ ಸಮುರಾಯ್ ಅಕಿತಾದ ಉತ್ತರ ಭಾಗದ ಅನಿ ಸೀಮೆಯಿಂದ ಈ ಕೆಲಸ ಕಲಿತು ತಂದ ಎಂದು ಹೇಳುತ್ತಾರೆ. ಊರನ್ನು ಆಳುತ್ತಿದ್ದ ಸತಾಕೆ ಮನೆತನದ ಬೆಂಬಲ ಇತ್ತು. ಕಡಿಮೆ ಸಂಬಳದ ಸಮುರಾಯ್‌ಗಳು ಮನೆ ನಡೆಸಲು ಇದನ್ನು ಉಪಕಸುಬು ಮಾಡಿಕೊಂಡರು. ಆಗ ಮಾಡುತ್ತಿದ್ದದ್ದು ಔಷಧಿ ಡಬ್ಬಿ, ಹೊಗೆಸೊಪ್ಪಿನ ಡಬ್ಬಿ. ಎರಡೂ ತೇವ ತಾಗಿದರೆ ಕೆಡುವ, ಪೂರಾ ಒಣಗಿದರೂ ಕೆಡುವ ಪದಾರ್ಥಗಳು. ಚೆರ್ರಿ ತೊಗಟೆ ಒಳಗಿನ ಹದವನ್ನು ಕಾಪಾಡುತ್ತದೆ ಎಂಬ ನಂಬಿಕೆ ಹುಟ್ಟಿದ್ದು ಅಲ್ಲಿಂದ. ಹೊಗೆಸೊಪ್ಪಿನ ಡಬ್ಬಿಯಿಂದ ಟೀ ಡಬ್ಬಿಗೆ ಬಂದದ್ದು ಸಹಜವೇ ಅಲ್ವಾ? 1976ರಲ್ಲಿ ಜಪಾನ್ ಸರ್ಕಾರ ಇದನ್ನು ಸಾಂಪ್ರದಾಯಿಕ ಕರಕುಶಲ ವಸ್ತುಗಳ ಪಟ್ಟಿಗೆ ಸೇರಿಸಿತು.

ಒಂದು ತಪ್ಪು ತಿಳುವಳಿಕೆ ಇಲ್ಲೇ ಬಿಡಿಸಿಬಿಡುತ್ತೇನೆ. ಕಕುನೊದಾತೆಯ ಬೀದಿಗಳಲ್ಲಿ ಏಪ್ರಿಲ್ ಕೊನೆಗೆ ಜೋತುಬಿದ್ದು ಅರಳುವ ಸಕುರಾ ಎಂಬ ಚೆರ್ರಿ ಮರಗಳ ತೊಗಟೆ ಇದಲ್ಲ. ಇದು ಬೆಟ್ಟದಲ್ಲಿ ತಾನಾಗಿ ಬೆಳೆಯುವ ಕಾಡು ಚೆರ್ರಿಯದು. ಅಲ್ಲಿನ ಬೇಸಿಗೆ ಮುಗಿಯುತ್ತಾ ಬರುವಾಗ ತೊಗಟೆ ಸುಲಿಯುತ್ತಾರೆ. ಇಡೀ ಮರದ ಮೈ ಬೋಳಿಸುವುದಿಲ್ಲ. ಒಂದಷ್ಟು ಭಾಗ ಮಾತ್ರ ತೆಗೆಯುವುದರಿಂದ ಮರ ಸಾಯುವುದಿಲ್ಲ, ಆ ಜಾಗದಲ್ಲಿ ಮತ್ತೆ ತೊಗಟೆ ಬರುತ್ತದೆ. ಹಾಗೆ ಎರಡನೇ ಸಲ ಬಂದದ್ದಕ್ಕೆ ನಿದೊಕಾವಾ ಎಂಬ ಬೇರೆ ಹೆಸರೇ ಇದೆ. ಸುಲಿದದ್ದನ್ನು ಸುಮಾರು ಎರಡು ವರ್ಷ ಒಣಗಲು ಬಿಡುತ್ತಾರೆ.

ಡಬ್ಬಿ ಹೇಗೆ ಆಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬೆಲೆಯ ಗುಟ್ಟು ಅಲ್ಲೇ ಇದೆ. ತೊಗಟೆಯ ಮೇಲಿನ ಒರಟು ಬೂದುಬಣ್ಣದ ಪದರವನ್ನು ಚಾಕುವಿನಿಂದ ಹೆರೆಯುತ್ತಾರೆ. ಕೆಳಗಿನಿಂದ ಕೆಂಪುಕಂದು ಹೊಳಪು ಎದ್ದು ಬರುತ್ತದೆ. ಆಮೇಲೆ ಅಂಟು ಹಚ್ಚುತ್ತಾರೆ. ಗಾರೆ ಕೆಲಸದವರ ಕರಣೆಯನ್ನು ಚಿಕ್ಕದು ಮಾಡಿದ ಹಾಗಿರುವ ಕಬ್ಬಿಣವನ್ನು ಕಾಯಿಸಿ, ತೊಗಟೆಯ ಮೇಲೆ ಒತ್ತಿ ಒತ್ತಿ ಕೂರಿಸುತ್ತಾರೆ. ಕಬ್ಬಿಣ ಜಾಸ್ತಿ ಕಾದರೆ ತೊಗಟೆ ಸೀದು ಹೋಗುತ್ತದೆ, ಕಡಿಮೆ ಆದರೆ ಅಂಟು ಹಿಡಿಯುವುದಿಲ್ಲ. ಆ ಹದ ಕೈಗೆ ಬರಲು ವರ್ಷಗಳೇ ಬೇಕು. ಕೊನೆಗೆ ಉಜ್ಜಿ ಉಜ್ಜಿ ಹೊಳಪು ತರುತ್ತಾರೆ. ಉಜ್ಜಲು ಬಳಸುವುದು ಒರಟು ಕಾಂಡದ ತೊಕುಸಾ ಗಿಡ, ಮುಕು ಮರದ ಎಲೆಗಳು. ಚೆನ್ನಾಗಿ ಮಾಡಿದ ಡಬ್ಬಿಯ ಹೊಳಪು ತೊಗಟೆಯದ್ದೇ, ಮೇಲೆ ಬಳಿದ ವಾರ್ನಿಶ್‌ನದ್ದಲ್ಲ.

ಹೀಗೆ ಅಚ್ಚಿನ ಸುತ್ತ ಸುತ್ತಿ ಉರುಳೆಯಾಗಿ ಮಾಡುವುದಕ್ಕೆ ಕಾತಾಮೊನೊ ಎನ್ನುತ್ತಾರೆ. ಟೀ ಡಬ್ಬಿಗಳು ಈ ಜಾತಿ. ಮರದ ಪೆಟ್ಟಿಗೆ ಅಥವಾ ತಟ್ಟೆಯ ಮೇಲೆ ತೊಗಟೆ ಅಂಟಿಸಿದರೆ ಕಿಜಿಮೊನೊ. ತೊಗಟೆಯ ಮೇಲೆ ತೊಗಟೆ ಪೇರಿಸಿ, ದಪ್ಪ ಮಾಡಿ, ಕೆತ್ತಿದರೆ ತತಾಮಿಮೊನೊ. ಅದರಲ್ಲಿ ಆಭರಣ ಮತ್ತು ಸಣ್ಣ ವಸ್ತುಗಳು ಜಾಸ್ತಿ.

ಈಗ ಅಳತೆಗೋಲು. ಡಬ್ಬಿ ನೋಡುವ ಮುಂಚೆ ನಿಮ್ಮ ಮನೆ ನೋಡಿಕೊಳ್ಳಿ.

ಮೊದಲನೆಯದು, ನೀವು ಕುಡಿಯುವ ಟೀ ಯಾವುದು, ಎಷ್ಟು ಬೇಗ ಮುಗಿಯುತ್ತದೆ. ಸೂಜಿಯಂತೆ ಸುರುಳಿ ಸುತ್ತಿದ ಸೆಂಚಾ ಎಂಬ ಜಪಾನಿನ ಹಸಿರು ಟೀ 100 ಗ್ರಾಂ ಹಿಡಿಯಲು ಹೆಚ್ಚೂ ಕಡಿಮೆ 300 ಮಿಲಿಲೀಟರ್ ಜಾಗ ಸಾಕು. ಹುರಿದ ಹೊಜಿಚಾ ಎಲೆ ಹಗುರ, ಉಬ್ಬಿಕೊಂಡಿರುತ್ತದೆ. ಅದೇ 100 ಗ್ರಾಂಗೆ ಅದಕ್ಕಿಂತ ಎಷ್ಟೋ ದೊಡ್ಡ ಡಬ್ಬಿ ಬೇಕು. ಎರಡು ಮೂರು ವಾರದಲ್ಲಿ ಮುಗಿಯುವಷ್ಟು ಮಾತ್ರ ಡಬ್ಬಿಯಲ್ಲಿರಲಿ, ಉಳಿದದ್ದು ಪೊಟ್ಟಣದಲ್ಲೇ ಇರಲಿ. ದೊಡ್ಡ ಡಬ್ಬಿಯಲ್ಲಿ ಅರ್ಧ ಟೀ, ಅರ್ಧ ಗಾಳಿ ತುಂಬಿಟ್ಟರೆ ಡಬ್ಬಿ ಎಷ್ಟೇ ಒಳ್ಳೆಯದಿದ್ದರೂ ಪರಿಮಳ ಹೋಗುತ್ತದೆ. ಹಾಗಾಗಿ ಚಿಕ್ಕದನ್ನೇ ಆರಿಸಿ ಅಂತ ಒತ್ತಿ ಹೇಳುತ್ತೇನೆ.

ಎರಡನೆಯದು, ಮನೆಯ ತೇವ. ಮೂರನೆಯದು, ಅಡುಗೆಮನೆಯಲ್ಲಿ ಕೈಯಾಡಿಸುವವರು ಎಷ್ಟು ಜನ. ಈ ಡಬ್ಬಿಗೆ ನೀರು ತಾಗಬಾರದು. ನನ್ನ ಪರಿಚಯದವರ ಮನೆಯಲ್ಲಿ ಒಂದು ಚಂದದ ಡಬ್ಬಿಯನ್ನು ಅತ್ತೆಯವರು ಪ್ರೀತಿಯಿಂದಲೇ ತೊಳೆದು, ಬಿಸಿಲಿಗೆ ಕವುಚಿಟ್ಟರು. ಸಂಜೆಗೆ ಜೋಡಣೆಯ ಹತ್ತಿರ ತೊಗಟೆ ಉಗುರಿನಷ್ಟು ಎದ್ದಿತ್ತು. ಮುಚ್ಚಳ ಆಮೇಲೆ ಸರಿಯಾಗಿ ಕೂರಲೇ ಇಲ್ಲ. ಅವರದ್ದೇನೂ ತಪ್ಪಲ್ಲ, ಯಾರೂ ಹೇಳಿರಲಿಲ್ಲ. ಉಡುಗೊರೆ ಕೊಡುವುದಾದರೆ ಡಬ್ಬಿಯ ಜೊತೆಗೇ "ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಒರೆಸಿ" ಅಂತ ಕನ್ನಡದಲ್ಲಿ ಚೀಟಿ ಬರೆದಿಡಿ.

ನಾಲ್ಕನೆಯದನ್ನು ನಮ್ಮ ಕಡೆಯವರಿಗೆ ಹೇಳಲೇಬೇಕು. ಈ ಕೆಲಸದಲ್ಲಿ ಪರಂಪರೆಯಿಂದ ಬಳಸುವ ಅಂಟು ನಿಕಾವಾ. ಅದು ಪ್ರಾಣಿಗಳ ಚರ್ಮ, ಎಲುಬು ಕುದಿಸಿ ತೆಗೆಯುವ ಅಂಟು. ಟೀ ಎಲೆಗೆ ಅದು ನೇರವಾಗಿ ತಾಗುವುದಿಲ್ಲ, ತೊಗಟೆಯ ಅಡಿಯಲ್ಲಿರುತ್ತದೆ. ಆದರೂ ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವ ಮನೆಗೆ, ಅದರಲ್ಲೂ ಹಿರಿಯರಿಗೆ ಕೊಡುವಾಗ, ಇದನ್ನು ತಿಳಿಸದೇ ಕೊಡುವುದು ಸರಿಯಲ್ಲ. ಅವರು ಬೇಡ ಅನ್ನುವವರಾದರೆ ಮುಂದೆ ಹೇಳುವ ಲೋಹದ ಡಬ್ಬಿಯೇ ಒಳ್ಳೆಯದು.

ದುಡ್ಡಿನ ವಿಷಯ ಕೊನೆಗಿರಲಿ. ಮೇಲಿನ ನಾಲ್ಕೂ ಗೊತ್ತಾದರೆ ಅದು ತಾನಾಗಿ ಬಗೆಹರಿಯುತ್ತದೆ.

ಒಳಗೂ ಹೊರಗೂ ತೊಗಟೆಯೇ ಇರುವ ಡಬ್ಬಿಯಿಂದ ಶುರು ಮಾಡೋಣ. ನನ್ನ ಮನಸ್ಸು ಇರುವುದು ಇಲ್ಲೇ. ಮುಚ್ಚಳ ಎತ್ತಿದರೆ ಒಳಗೋಡೆಯಲ್ಲೂ ಅದೇ ಕೆಂಪುಕಂದು ಬಣ್ಣ ಕಾಣುತ್ತದೆ. ಕೆಳಗೊಂದು ಒಳಮುಚ್ಚಳ, ನಡುವೆ ಬೆರಳಲ್ಲಿ ಹಿಡಿಯಲು ಪುಟ್ಟ ಹಿಡಿ. ನನ್ನ ಡಬ್ಬಿಯ ಮೇಲ್ಮುಚ್ಚಳವನ್ನು ಬೆಳಿಗ್ಗೆ ಎತ್ತುವಾಗ ಮೊದಲು ಸ್ವಲ್ಪ ತಡೆಯುತ್ತದೆ. ಆಮೇಲೆ ಉಸಿರು ಬಿಟ್ಟ ಹಾಗೆ ಸಣ್ಣ ಸದ್ದು ಮಾಡಿ ಬಿಟ್ಟುಕೊಡುತ್ತದೆ. ತೂಕವೇ ಇಲ್ಲ ಅನ್ನುವಷ್ಟು ಹಗುರ. ಕೈಗೆ ತಣ್ಣಗೆ ಹತ್ತುವುದಿಲ್ಲ. ಒಳ್ಳೆಯ ಕೆಲಸದ ಈ ಡಬ್ಬಿಗಳು ಗಾತ್ರ ನೋಡಿಕೊಂಡು ಸುಮಾರು 7,000 ಯೆನ್‌ನಿಂದ ಶುರುವಾಗಿ 20,000 ದಾಟಿಯೂ ಹೋಗುತ್ತವೆ. ದಿನಾ ಎಲೆ ಟೀ ಕುಡಿಯುವವರಿಗೆ, ವಸ್ತುವನ್ನು ಜೋಪಾನವಾಗಿ ಬಳಸುವವರಿಗೆ ಇದು ಕೊಟ್ಟ ದುಡ್ಡಿಗೆ ಸರಿಯಾದದ್ದು.

ಇದರಲ್ಲೇ ಎರಡು ಮುಖ. ಒಂದು ಮುಜಿ. ಪೂರ್ತಿ ಹೆರೆದು, ಕನ್ನಡಿಯ ಹಾಗೆ ಉಜ್ಜಿದ್ದು. ಇನ್ನೊಂದು ಶಿಮೊಫುರಿ. 'ಹೆಪ್ಪುಗಟ್ಟಿದ ಇಬ್ಬನಿ ಬಿದ್ದ ಹಾಗೆ' ಅನ್ನುವ ಅರ್ಥದ ಹೆಸರು. ಕಾಡಿನಲ್ಲಿದ್ದಾಗಿನ ತೊಗಟೆಯ ಮೈ ಹಾಗೇ ಉಳಿದಿರುತ್ತದೆ, ಬೂದು ಬಿಳಿ ಚುಕ್ಕೆಗಳ ಸಮೇತ. ಬಹಳ ಜನ ಮುಜಿ ಕಡೆ ಕೈ ಚಾಚುತ್ತಾರೆ. ಹೊಳಪು ಯಾರಿಗೆ ಬೇಡ? ಮುಜಿಯ ದೊಡ್ಡ ಗುಣ ಅಂದರೆ ಕೈಯಾಡಿದಷ್ಟೂ ಬಣ್ಣ ಆಳವಾಗುತ್ತದೆ. ಆದರೆ ಗೀರು ಬಿದ್ದರೆ ಎದ್ದು ಕಾಣುತ್ತದೆ. ಮಕ್ಕಳಿರುವ ಮನೆಗೆ, ನಾಲ್ಕು ಜನ ಕೈಯಿಡುವ ಆಫೀಸಿನ ಟೀ ಮೂಲೆಗೆ ನಾನು ಶಿಮೊಫುರಿ ಹೇಳುತ್ತೇನೆ. ಅದರ ಒರಟು ಮೈಯಲ್ಲಿ ಸಣ್ಣಪುಟ್ಟ ಗೀರು ಸೇರಿಹೋಗುತ್ತದೆ. ಮರವನ್ನು ಇಷ್ಟಪಡುವವರಿಗೂ ಅದೇ ಹತ್ತಿರ ಅನ್ನಿಸಬಹುದು, ಯಾಕೆಂದರೆ ಅದರಲ್ಲಿ ಮರ ಇನ್ನೂ ಕಾಣುತ್ತದೆ.

ಮಳೆಗಾಲದ ಪ್ರಶ್ನೆ. ಮಂಗಳೂರು, ಶೃಂಗೇರಿ, ಆಗುಂಬೆ ಕಡೆಯವರು ಇದನ್ನೇ ಮೊದಲು ಕೇಳುತ್ತಾರೆ. ತೊಗಟೆ ಒಳಗಿನ ಹದ ಕಾಯುತ್ತದೆ ಎಂದರೆ ಮೂರು ತಿಂಗಳ ಜಡಿಮಳೆಯನ್ನೂ ತಡೆಯುತ್ತದೆ ಎಂದಲ್ಲ. ಮರ, ತೊಗಟೆ ಎರಡೂ ತೇವ ಕುಡಿದು ಹಿಗ್ಗುವ ವಸ್ತುಗಳು. ಮುಚ್ಚಳ ಬಿಗಿಯಾಗಬಹುದು. ಬೀರುವಿನೊಳಗೆ ಮುಚ್ಚಿಟ್ಟು ಮರೆತರೆ ಬೂಷ್ಟು ಹಿಡಿಯುವ ಭಯವೂ ಇದೆ. ದಿನಾ ತೆಗೆದು ಹಾಕುತ್ತಿದ್ದರೆ, ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರೆ ಅಷ್ಟು ತೊಂದರೆಯಿಲ್ಲ. ಟೀಯನ್ನು ಪೊಟ್ಟಣ ಸಮೇತ ಮಡಚಿ, ಕ್ಲಿಪ್ ಹಾಕಿ ಡಬ್ಬಿಯೊಳಗೆ ಇಟ್ಟರೆ ಇನ್ನೂ ಕ್ಷೇಮ. ಅಷ್ಟೆಲ್ಲ ಗಮನ ಕೊಡಲು ಆಗುವುದಿಲ್ಲ ಅನ್ನುವವರು ಮುಂದಿನದನ್ನು ಓದಿ.

ಒಳಗೆ ತಗಡು, ಹೊರಗೆ ತೊಗಟೆ ಸುತ್ತಿದ್ದು. ಸುಮಾರು 3,000 ಯೆನ್ ಆಸುಪಾಸಿನ ಡಬ್ಬಿಗಳು ಬಹಳಷ್ಟು ಇಂಥವು. ಇದನ್ನು ಕೀಳು ಮಾಡಿ ಮಾತಾಡುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ತಗಡು ತೇವವನ್ನು ಒಳಗೆ ಬಿಡುವುದಿಲ್ಲ, ಆಕಾರ ಕೆಡುವುದಿಲ್ಲ, ಒಳಗೆ ಒದ್ದೆ ಬಟ್ಟೆ ಹಾಕಿ ಒರೆಸಿ ತಕ್ಷಣ ಒಣಗಿಸಬಹುದು. ಕರಾವಳಿ ಮನೆಗೆ ಇದು ಪೂರ್ತಿ ತೊಗಟೆಯ ಡಬ್ಬಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಕಳೆದುಕೊಳ್ಳುವುದು ಏನು? ಆ ಹಗುರತನ. ಮುಚ್ಚಳ ತೆಗೆದಾಗಿನ ಮೆತ್ತಗಿನ ತಡೆ. ತಗಡಿಗೆ ತಗಡು ತಾಗುವ ಸದ್ದು ಬೇರೆಯೇ. ಹೊರಗಿನ ತೊಗಟೆಗೆ ನೀರು ತಾಗಬಾರದು ಅನ್ನುವ ನಿಯಮ ಇಲ್ಲೂ ಬದಲಾಗುವುದಿಲ್ಲ.

ಇದೇ ಬೆಲೆಯಲ್ಲಿ ಒಂದು ಮೋಸವೂ ಇದೆ. ತೊಗಟೆಯ ಚಿತ್ರ ಮುದ್ರಿಸಿದ ಕಾಗದ ಸುತ್ತಿ ಮಾರುವುದು. ಆನ್‌ಲೈನ್‌ನಲ್ಲಿ ಕೊಂಡ ಒಂದು ಡಬ್ಬಿ ನನ್ನ ಕೈಗೆ ಬಂದಾಗ ಎಡಗಡೆ ಇದ್ದ ಮೂರು ಗೆರೆ, ಒಂದು ಚುಕ್ಕೆ ಬಲಗಡೆಯೂ ಅಳತೆ ಹಿಡಿದ ಹಾಗೆ ಕಂಡವು. ಮರ ಎಲ್ಲಾದರೂ ಹಾಗೆ ಬೆಳೆಯುತ್ತದಾ? ನಿಜವಾದ ತೊಗಟೆಯಲ್ಲಿ ಒಂದು ಗುರುತು ಇನ್ನೊಂದು ಕಡೆ ಹಾಗೇ ಮರುಕಳಿಸುವುದಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದರೆ ಹೊಳಪು ರೇಷ್ಮೆ ಸೀರೆಯ ಹಾಗೆ ಜಾಗ ಬದಲಿಸುತ್ತದೆ. ಕಾಗದದಲ್ಲಿ ಹೊಳಪು ಎಲ್ಲಾ ಕಡೆ ಒಂದೇ ಸಮ. ಮುಚ್ಚಳದ ಅಂಚನ್ನೂ ನೋಡಿ, ಪದರದ ದಪ್ಪ ಅಲ್ಲಿ ಗೊತ್ತಾಗುತ್ತದೆ. ಪರಂಪರೆಯ ವಿಧಾನದಲ್ಲೇ ಮಾಡಿ ಪರೀಕ್ಷೆಯಾದ ವಸ್ತುಗಳಿಗೆ 'ದೆನ್' ಎಂಬ ಜಪಾನಿ ಅಕ್ಷರ ಮತ್ತು ಕೆಂಪು ದುಂಡು ಇರುವ ಚೀಟಿ ಅಂಟಿಸಿರುತ್ತಾರೆ. ಚೀಟಿ ಇದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಎಲ್ಲಾ ನಕಲಿ ಅಂತ ತಿಳಿಯಬೇಡಿ. ತಗಡಿನ ಒಳಮೈ ಇರುವವು, ಹೊಸ ವಿನ್ಯಾಸದವು ಆ ಚೀಟಿ ಇಲ್ಲದೆಯೂ ಪ್ರಾಮಾಣಿಕ ಕೆಲಸವಾಗಿರಬಹುದು.

ಹೊಸ ವಿನ್ಯಾಸ ಅಂದಾಗ ಮರ ಮತ್ತು ತೊಗಟೆ ಪಟ್ಟಿ ಪಟ್ಟಿಯಾಗಿ ಬರುವ ಡಬ್ಬಿಗಳ ಬಗ್ಗೆ ಒಂದು ಮಾತು. 1851ರಲ್ಲಿ ಕಕುನೊದಾತೆಯಲ್ಲಿ ಶುರುವಾದ ಫುಜಿಕಿ ದೆನ್‌ಶಿರೊ ಅಂಗಡಿಯ ವಾಜುತ್ಸು ಅನ್ನುವ ಮಾದರಿ ಇದಕ್ಕೆ ಹೆಸರಾಗಿದೆ. ಮೇಪಲ್, ವಾಲ್‌ನಟ್, ಚೆರ್ರಿ ಮರದ ತಿಳಿ ಬಣ್ಣದ ನಡುವೆ ತೊಗಟೆಯ ಗಾಢ ಪಟ್ಟಿ. ಹೊಸ ಫ್ಲ್ಯಾಟಿನ ಬಿಳಿ ಅಡುಗೆಮನೆಗೆ ಚೆನ್ನಾಗಿ ಒಪ್ಪುತ್ತದೆ. ಹಳೆ ಕಾಲದ ಕಂದು ಡಬ್ಬಿ ಅಜ್ಜನ ಕಾಲದ್ದು ಅನ್ನಿಸುವ ವಯಸ್ಸಿನವರಿಗೆ ಕೊಡಲು ಇದನ್ನು ಆರಿಸಬಹುದು. ಬೆಲೆ ಪೂರ್ತಿ ತೊಗಟೆಯ ಡಬ್ಬಿಗಳ ಸಾಲಿನದ್ದೇ.

ಇನ್ನು ಲೋಹ. ಕ್ಯೋಟೊದ ಕಾಯಿಕಾದೊ 1875ರಿಂದ ಟೀ ಡಬ್ಬಿ ಮಾಡುತ್ತಿದೆ. ತವರ ಲೇಪಿಸಿದ ತಗಡು, ತಾಮ್ರ, ಹಿತ್ತಾಳೆ, ಈ ಮೂರರಲ್ಲಿ. ಮುಚ್ಚಳವನ್ನು ಬಾಯಿಗೆ ಸರಿಯಾಗಿ ಇಟ್ಟು ಕೈ ಬಿಟ್ಟರೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿದು ಕೂರುತ್ತದೆ. ಅದನ್ನು ನೋಡುವುದೇ ಒಂದು ಸುಖ. ತೇವ ತಡೆಯುವುದರಲ್ಲಿ ತೊಗಟೆಗಿಂತ ಇದು ಮುಂದೆ, ಅದರಲ್ಲಿ ಎರಡು ಮಾತಿಲ್ಲ. ತಾಮ್ರ ಬೇಗ ಬಣ್ಣ ತಿರುಗುತ್ತದೆ, ತವರದ್ದು ನಿಧಾನ. ನಮ್ಮ ಮನೆಗಳಲ್ಲಿ ತಾಮ್ರದ ಬಿಂದಿಗೆ ನೋಡಿ ಬೆಳೆದವರಿಗೆ ಆ ಬದಲಾವಣೆ ಹೊಸದಲ್ಲ. ಆದರೆ ಹುಣಸೆಹಣ್ಣು ಹಚ್ಚಿ ಉಜ್ಜುವ ಅಭ್ಯಾಸ ಇಲ್ಲಿ ಬೇಡ. ನೀರು ಇದಕ್ಕೂ ಆಗದು, ಒಣ ಬಟ್ಟೆಯೇ ಸಾಕು. ಬೆಲೆ ಕಡಿಮೆಯೇನಲ್ಲ, ಪೂರ್ತಿ ತೊಗಟೆಯ ಒಳ್ಳೆ ಡಬ್ಬಿಗಿಂತ ಜಾಸ್ತಿಯೇ ಆಗಬಹುದು. ತೂಕವೂ ಹೆಚ್ಚು. ಕರಾವಳಿ, ಮಲೆನಾಡಿನ ಟೀ ಪ್ರಿಯರಿಗೆ ದುಡ್ಡಿದ್ದರೆ ನಾನು ಇದನ್ನೇ ಹೇಳುತ್ತೇನೆ, ಮನಸ್ಸು ತೊಗಟೆಯ ಕಡೆ ಎಳೆದರೂ.

ಮಾಚಾ, ಅಂದರೆ ನುಣ್ಣಗೆ ಪುಡಿ ಮಾಡಿದ ಹಸಿರು ಟೀ, ಕುಡಿಯುವವರು ಸ್ವಲ್ಪ ಬೇರೆ ಯೋಚಿಸಬೇಕು. ಮಾಚಾ ಪುಡಿ ಬಹಳ ಬೇಗ ಕೆಡುತ್ತದೆ. ಅದು ತನ್ನ ಮುಚ್ಚಿದ ಚಿಕ್ಕ ಟಿನ್ನಿನಲ್ಲೇ ಫ್ರಿಜ್‌ನಲ್ಲಿ ಇರಬೇಕು. ತೊಗಟೆಯ ಡಬ್ಬಿಯನ್ನು ಫ್ರಿಜ್‌ಗೆ ಇಡಲೇಬಾರದು, ಹೊರಗೆ ತೆಗೆದಾಗ ಮೈಯೆಲ್ಲ ನೀರು ಬೆವರುತ್ತದೆ. ತೊಗಟೆಯ ನತ್ಸುಮೆ, ಅಂದರೆ ಮಾಚಾದ ಪುಟ್ಟ ಬಟ್ಟಲು ಡಬ್ಬಿ, ಅಂದಂದಿಗೆ ಬೇಕಾದ ಪುಡಿ ಹಾಕಿ ಅತಿಥಿಗಳ ಮುಂದಿಡಲು. ಶೇಖರಣೆಗೆ ಅಲ್ಲ.

ನಮ್ಮ ಕಡಕ್ ಚಹಾ ಪುಡಿ ಹಾಕಬಹುದಾ ಅಂತಲೂ ಕೇಳುತ್ತಾರೆ. ಕಾಲು ಕೆಜಿ ಪೊಟ್ಟಣ ಸಾಮಾನ್ಯ ಗಾತ್ರದ ಡಬ್ಬಿಯಲ್ಲಿ ಹಿಡಿಯುವುದೇ ಇಲ್ಲ. ಸ್ವಲ್ಪ ಸ್ವಲ್ಪ ಹಾಕಿಕೊಳ್ಳಬಹುದು. ಆದರೆ ಏಲಕ್ಕಿ, ಶುಂಠಿ ಬೆರೆಸಿದ ಮಸಾಲೆ ಪುಡಿ, ಫಿಲ್ಟರ್ ಕಾಫಿ ಪುಡಿ ಇವೆರಡೂ ಖಂಡಿತ ಬೇಡ. ಕಾಫಿಯ ಎಣ್ಣೆ, ಏಲಕ್ಕಿಯ ವಾಸನೆ ತೊಗಟೆಯೊಳಗೆ ಸೇರಿದರೆ ಮತ್ತೆ ಅದರಲ್ಲಿ ಸೆಂಚಾ ಇಡಲಾಗದು.

ದುಡ್ಡು ಕಡಿಮೆ ಇರುವವರು, ಅಥವಾ ಆಫೀಸಿನ ಆರೆಂಟು ಜನರಿಗೆ ತರಬೇಕಾದವರು ಡಬ್ಬಿಯ ಆಸೆ ಬಿಟ್ಟು ಟೀ ಚಮಚ ನೋಡಿ. ತೊಗಟೆ ಹಚ್ಚಿದ, ಎಲೆಯ ಹಾಗೆ ಬಾಗಿದ ಅಗಲ ಚಮಚ. ಈ ಕೆಲಸದಲ್ಲಿ ಸಿಗುವ ಅಗ್ಗದ ವಸ್ತುಗಳಲ್ಲಿ ಒಂದು, ಕೈಚೀಲದಲ್ಲಿ ಹತ್ತು ಹಿಡಿಯುತ್ತವೆ. ಒಣ ಎಲೆಯನ್ನು ಮಾತ್ರ ಮುಟ್ಟುವುದರಿಂದ ಕೆಡುವ ಭಯವೂ ಕಡಿಮೆ. ಉಕ್ಕಿನ ಚಮಚದಲ್ಲಿ ತೆಗೆದರೆ ಪುಡಿಯಾಗುವ ಉದ್ದ ಎಲೆ ಇದರಲ್ಲಿ ಮುರಿಯದೆ ಬರುತ್ತದೆ. ಲೋಟದ ಕೆಳಗಿಡುವ ತಟ್ಟೆಗಳನ್ನು ಮಾತ್ರ ಯೋಚಿಸಿ ಕೊಳ್ಳಿ. ಟೀ ಚೆಲ್ಲುವ ಜಾಗವೇ ಅದು. ಚೆಲ್ಲಿದ ತಕ್ಷಣ ಒರೆಸುವವರಿಗೆ ಚಂದ, ಬಿಸಿ ಲೋಟ ಇಟ್ಟು ಮರೆಯುವವರಿಗೆ ಬೇಡ. ದೊಡ್ಡ ಟ್ರೇಗಳಲ್ಲಿ ಕೆಲವಕ್ಕೆ ಮೇಲೆ ರಕ್ಷಣೆಯ ಲೇಪ ಇರುತ್ತದೆ. ಕೇಳಿ ತಿಳಿದುಕೊಳ್ಳಿ, ಲೇಪ ಇದ್ದದ್ದು ದಿನಬಳಕೆಗೆ ವಾಸಿ.

ಕಕುನೊದಾತೆಗೇ ಹೋಗುವ ಯೋಗ ಇದ್ದರೆ ಕೊಳ್ಳುವ ಮುಂಚೆ ಅಲ್ಲಿನ ಕಾಬಾಜೈಕು ದೆನ್‌ಶೋಕಾನ್‌ಗೆ ಹೋಗಿ. 1978ರಲ್ಲಿ ಶುರುವಾದ ಸಂಗ್ರಹಾಲಯ, ಸಮುರಾಯ್ ಬೀದಿಯಲ್ಲೇ ಇದೆ. ಹಳೆಯ ಡಬ್ಬಿಗಳನ್ನು ಅರ್ಧ ಗಂಟೆ ನೋಡಿದರೆ ಕಣ್ಣು ಪಳಗುತ್ತದೆ. ಆಮೇಲೆ ಅಂಗಡಿಯಲ್ಲಿ ಒಳ್ಳೆಯದು ತಾನಾಗಿ ಕಾಣುತ್ತದೆ.

ಅಂಗಡಿಯಲ್ಲಿ ಹೀಗೆ ಮಾಡಿ. ಒಂದೇ ಗಾತ್ರದ ಮೂರು ಡಬ್ಬಿ ಕೇಳಿ ತೆಗೆಸಿ. ಮೂರರ ಮುಚ್ಚಳವನ್ನೂ ಎತ್ತಿ, ಮತ್ತೆ ಇಳಿಸಿ. ತೀರಾ ಸಡಿಲ ಇರುವುದು ಬೇಡ. ಎರಡು ಕೈ ಹಾಕಿ ಎಳೆಯಬೇಕಾದದ್ದೂ ಬೇಡ, ನಮ್ಮ ಮಳೆಗಾಲದಲ್ಲಿ ಅದು ಇನ್ನೂ ಬಿಗಿಯಾಗುತ್ತದೆ. ಮುಚ್ಚಳದ ಗೆರೆ ಡಬ್ಬಿಯ ಗೆರೆಗೆ ಕೂಡುತ್ತದಾ ಅಂತ ಸುತ್ತ ತಿರುಗಿಸಿ ನೋಡಿ. ಒಂದೇ ತೊಗಟೆಯಿಂದ ಬಂದಿದ್ದರೆ ಎಲ್ಲೋ ಒಂದು ಕಡೆ ಗೆರೆಗಳು ಸೇರುತ್ತವೆ. ಬೆರಳಿಂದ ಜೋಡಣೆಯ ಮೇಲೆ ಸವರಿ, ಅಂಚು ಸಿಗಬಾರದು. ಒಳಗೆ ಮೂಗಿಟ್ಟು ನೋಡಲು ನಾಚಿಕೆ ಬೇಡ, ಅಂಗಡಿಯವರು ಇಂಥ ಗಿರಾಕಿಯನ್ನು ಇಷ್ಟಪಡುತ್ತಾರೆ.

ಮನೆಗೆ ತಂದ ದಿನವೇ ಒಳ್ಳೆಯ ಟೀ ಸುರಿಯಬೇಡಿ. ಹಳೆಯ ಒಣ ಟೀ ಎಲೆ ಒಂದು ಹಿಡಿ ಹಾಕಿ, ಮುಚ್ಚಿ, ಒಲೆಯಿಂದ ಮತ್ತು ಕಿಟಕಿಯ ಬಿಸಿಲಿಂದ ದೂರ ಇಡಿ. ಎರಡು ಮೂರು ದಿನ ಬಿಟ್ಟು ಆ ಎಲೆ ಚೆಲ್ಲಿ, ಮತ್ತೆ ಮೂಸಿ ನೋಡಿ. ಹೊಸತರ ವಾಸನೆ ಹೋಗಿ ಬರೀ ಟೀ ವಾಸನೆ ಬಂತು ಅಂದರೆ ನಿಮ್ಮ ಸೆಂಚಾ ಪೊಟ್ಟಣ ಕತ್ತರಿಸಬಹುದು.